ಮಾತು ಹೋದವರ ಬುದ್ಧಿ

ಕಂದಾಯ ಇಲಾಖೆಯಲ್ಲಿದ್ದಾಗ, ಹಟ್ಟಿಯ ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತರಾಗಿದ್ದ ವೃದ್ಧರೊಬ್ಬರು ಜಮೀನಿನ ಬಗ್ಗೆ ಹೇಳಿಕೆ ನೀಡಲು ನನ್ನೆದುರು ಬಂದಿದ್ದರು. ಪಾರ್ಶ್ವವಾಯುವಿನಿಂದ ಬಲಗೈ ಬಿದ್ದಿತ್ತು. ಹೆಸರು ಕೇಳಿದರೂ 'ಹಾಂ, ಹಾಂ' ಎನ್ನುವುದಷ್ಟೆ. 'ಬುದ್ಧಿ ಸ್ಥಿಮಿತದಲ್ಲಿಲ್ಲ' ಎಂದು ಷರಾ ಬರೆದೆ. ಸಂಜೆ ಹೊರಗಿನ ಕಟ್ಟೆಯ ಮೇಲೆ ಅದೇ ವೃದ್ಧರು ಮಗನೊಡನೆ ತತ್ವಪದವೊಂದನ್ನು ಪದ ತಪ್ಪದೆ ಹಾಡುತ್ತಿದ್ದರು. ಕಡತ ಆಗಲೇ ಮುಂದಕ್ಕೆ ಹೋಗಿತ್ತು.

ಕಾರಣ ತಿಳಿದದ್ದು ನಿವೃತ್ತಿಯ ನಂತರದ ಓದಿನಿಂದ. ಬಹುಪಾಲು ಜನರಲ್ಲಿ ಪದ ಜೋಡಿಸಿ ನುಡಿಸುವುದು ಮೆದುಳಿನ ಎಡ ಅರ್ಧಗೋಳ. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ, 'ಟಾನ್' ಎಂದಷ್ಟೇ ಉಚ್ಚರಿಸುತ್ತಿದ್ದ ರೋಗಿಯೊಬ್ಬ ತೀರಿಕೊಂಡ ಮೇಲೆ, ಆತನ ಮೆದುಳಿನ ಎಡ ಮುಂಭಾಗ ಹಾನಿಗೊಂಡಿದ್ದನ್ನು ಕಂಡರು. ಬಲಗೈಯನ್ನು ಆಳುವುದೂ ಎಡಭಾಗವೇ. ಹಾಗಾಗಿ ಕೈ, ಮಾತು ಒಟ್ಟಿಗೆ ಹೋಗುವುದುಂಟು. ದನಿಯ ಏರಿಳಿತ, ರಾಗ, ವ್ಯಂಗ್ಯಗಳಲ್ಲಿ ಬಲ ಅರ್ಧಗೋಳದ ಪಾಲು ದೊಡ್ಡದು. ಅದು ಉಳಿದವರಲ್ಲಿ ಬಾಯಿಪಾಠದ ಹಾಡು ಉಳಿಯಬಹುದು. ರಾಗದ ಮೂಲಕ ಮಾತು ಮರಳಿಸುವ ಚಿಕಿತ್ಸೆಯೊಂದು 1973ರಲ್ಲಿ ಅಮೆರಿಕದಲ್ಲಿ ರೂಪುಗೊಂಡದ್ದೂ ಇದನ್ನು ನೆಚ್ಚಿಯೇ. ಮುಖ್ಯವಾಗಿ, ಮಾತಾಡಲಾರದ ಹಲವರಿಗೆ ಪರರ ಮಾತು ಅರ್ಥವಾಗುತ್ತಿರುತ್ತದೆ.

ನಿಧಾನವಾಗಿ ಕೇಳಿ, ತಲೆಯಾಡಿಸಲು ಬಿಡಬಹುದಿತ್ತು. ವೈದ್ಯರ ಅಭಿಪ್ರಾಯವನ್ನಾದರೂ ಪಡೆಯಬಹುದಿತ್ತು. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ, ನಿಜ. ಹಟ್ಟಿಯಿಂದ ಅದು ಎಷ್ಟು ದೂರ! ಹೇಳಿಕೆ ದಾಖಲಿಸುವ ಅಧಿಕಾರಿಗಳ ತರಬೇತಿಯಲ್ಲಿ ಈ ವಿಷಯಕ್ಕೆ ಒಂದು ಗಂಟೆಯನ್ನಾದರೂ ಮೀಸಲಿಡಬೇಕು.