ಹೊಸ ಮನೆಗೆ ಅಗ್ಗಿಷ್ಟಿಕೆ ಬೇಕೆ?

ಇಂಗ್ಲೆಂಡ್, ಅಮೆರಿಕದಂಥ ಚಳಿ ದೇಶಗಳಲ್ಲಿ ಹೊಸ ಮನೆ ಕಟ್ಟಿಸುವವರ ನಡುವೆ ಇಂದಿಗೂ ಇತ್ಯರ್ಥವಾಗದ ಪ್ರಶ್ನೆಯೊಂದಿದೆ. ಹಜಾರದಲ್ಲಿ ಅಗ್ಗಿಷ್ಟಿಕೆ ಇರಬೇಕೆ, ಬೇಡವೆ? ಗೋಡೆಯಲ್ಲಿ ಗೂಡು ಮಾಡಿ, ಸೂರು ದಾಟುವ ಹೊಗೆಕೊಳವೆ ಏರಿಸಿ, ಸೌದೆಯನ್ನೋ ಕಲ್ಲಿದ್ದಲನ್ನೋ ಉರಿಸಿ ಚಳಿ ಕಾಯಿಸಿಕೊಳ್ಳುವ ಏರ್ಪಾಟು ಇದು. ಒಂದು ಕಾಲಕ್ಕೆ ಇದಿಲ್ಲದೆ ಅಲ್ಲಿ ಚಳಿಗಾಲ ಕಳೆಯುವಂತಿರಲಿಲ್ಲ. ಈಗ ಬಾಯ್ಲರೋ ಹೀಟ್ ಪಂಪೋ ಮನೆಯನ್ನೆಲ್ಲ ಬೆಚ್ಚಗಿಡುತ್ತದೆ. ಆದರೂ ಬೆಂಕಿಯ ಆಸೆ ಹೋಗಿಲ್ಲ.

ಮನೆ ಬೆಚ್ಚಗಾಗಲೆಂದೇ ತೆರೆದ ಅಗ್ಗಿಷ್ಟಿಕೆ ಕಟ್ಟಿಸುವವರಿಗೆ ಸಿಗುವುದು ನಿರಾಸೆ. ಸೌದೆಯ ಶಾಖದಲ್ಲಿ ಕೋಣೆಗೆ ದಕ್ಕುವುದು ಹತ್ತನೇ ಒಂದು ಪಾಲು ಅಥವಾ ಅದಕ್ಕಿಂತ ತುಸು ಹೆಚ್ಚು. ಉಳಿದದ್ದು ಕೊಳವೆಯಲ್ಲಿ ಆಕಾಶಕ್ಕೆ. ಹಾನಿ ಅಷ್ಟಕ್ಕೇ ನಿಲ್ಲುವುದಿಲ್ಲ. ಉರಿಗೆ ಗಾಳಿ ಬೇಕು. ಅದು ಕೋಣೆಯ ಗಾಳಿಯನ್ನೇ ಸೆಳೆದುಕೊಂಡು ಮೇಲಕ್ಕೆ ಅಟ್ಟುತ್ತದೆ. ಆ ಜಾಗ ತುಂಬಲು ಬಾಗಿಲು ಕಿಟಕಿಗಳ ಸಂದಿಯಿಂದ ಹೊರಗಿನ ಶೀತಗಾಳಿ ನುಗ್ಗುತ್ತದೆ. ಬಾಯ್ಲರ್ ದುಡ್ಡು ತಿಂದು ಕಾಯಿಸಿದ ಗಾಳಿಯನ್ನು ಅಗ್ಗಿಷ್ಟಿಕೆ ಹೊರಹಾಕುತ್ತದೆ! ಬೆಂಕಿಯೆದುರು ಕೂತವರಿಗೆ ಎದೆ ಬೆಚ್ಚಗೆ, ಬೆನ್ನು ತಣ್ಣಗೆ. ಆಚೆಯ ಮಲಗುವ ಕೋಣೆ ಇನ್ನೂ ತಣ್ಣಗೆ.

ಈ ದೋಷ ಹೊಸದಾಗಿ ಕಂಡದ್ದಲ್ಲ. ಅಮೆರಿಕದಲ್ಲಿ ಹುಟ್ಟಿ ಯೂರೋಪಿನಲ್ಲಿ ಹೆಸರು ಮಾಡಿದ ವಿಜ್ಞಾನಿ ಬೆಂಜಮಿನ್ ಥಾಮ್ಸನ್, ಅಂದರೆ ಕೌಂಟ್ ರಂಫರ್ಡ್, 1796ರಲ್ಲೇ ಇದರ ಬಗ್ಗೆ ಪ್ರಬಂಧ ಬರೆದ. ಗೂಡು ತೀರ ಆಳ, ಕೊಳವೆಯ ಕಂಠ ತೀರ ಅಗಲ ಎಂಬುದು ಅವನ ಆಕ್ಷೇಪ. ಗೂಡನ್ನು ತೆಳುವಾಗಿಸಿ, ಪಕ್ಕದ ಗೋಡೆಗಳನ್ನು ಓರೆ ಮಾಡಿ, ಕಂಠ ಕಿರಿದುಗೊಳಿಸಿದ. ಹೊಗೆ ಕಡಿಮೆಯಾಯಿತು, ಶಾಖ ಕೋಣೆಯತ್ತ ತಿರುಗಿತು. ಲಂಡನ್ನಿನ ಶ್ರೀಮಂತರು ಈ ಮಾದರಿಗೆ ಮುಗಿಬಿದ್ದರು. ಜೇನ್ ಆಸ್ಟೆನ್‌ಳ 'ನಾರ್ಥ್ಯಾಂಗರ್ ಅಬ್ಬಿ' ಕಾದಂಬರಿಯಲ್ಲಿ, ಪುರಾತನ ಕಾಲದ ಭಾರೀ ಅಗ್ಗಿಷ್ಟಿಕೆಯ ಕನಸು ಹೊತ್ತು ಬಂದ ನಾಯಕಿಗೆ ಎದುರಾಗುವುದು ರಂಫರ್ಡನದೇ. ಪಾಪ, ಅವಳಿಗೆ ಬೇಕಿದ್ದುದು ಶಾಖವಲ್ಲ.

ಬೆಂಕಿಗೆ ತೆತ್ತ ಬೆಲೆಯೂ ಸಣ್ಣದಲ್ಲ. ಇಂಗ್ಲೆಂಡಿನಲ್ಲಿ 1662ರಿಂದ ಪ್ರತಿ ಒಲೆಗೂ ವರ್ಷಕ್ಕೆ ಎರಡು ಶಿಲಿಂಗ್ ತೆರಿಗೆ ಇತ್ತು. ಒಲೆ ಎಣಿಸಲು ಅಧಿಕಾರಿಗಳು ಮನೆಯೊಳಗೇ ನುಗ್ಗುತ್ತಿದ್ದುದರಿಂದ ಜನ ರೊಚ್ಚಿಗೆದ್ದರು. 1689ರಲ್ಲಿ ಅದು ರದ್ದಾಯಿತು. ಹೊಗೆಕೊಳವೆಯೊಳಗೆ ಹತ್ತಿ ಮಸಿ ಕೆರೆಯುತ್ತಿದ್ದ ಬಡ ಹುಡುಗರ ಕಥೆ ಇನ್ನೂ ದಾರುಣ. ಈ ಕಸುಬಿನವರಿಗೆ ವೃಷಣಚೀಲದ ಕ್ಯಾನ್ಸರ್ ಬರುವುದಕ್ಕೆ ಮಸಿಯೇ ಕಾರಣವೆಂದು ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲಿ ತೋರಿಸಿದ. ಹುಡುಗರನ್ನು ಹತ್ತಿಸುವುದು ನಿಜವಾಗಿ ನಿಂತದ್ದು ಮಾತ್ರ ನೂರು ವರ್ಷದ ನಂತರ, 1875ರ ಕಾಯ್ದೆಯಿಂದ. 1952ರ ಡಿಸೆಂಬರಿನಲ್ಲಿ ಲಂಡನ್ನನ್ನು ಐದು ದಿನ ಕವಿದ ಹೊಗೆಮಂಜಿಗೆ ಸಾವಿರಾರು ಜನ ಬಲಿಯಾದರು. ಮನೆಮನೆಯ ಕಲ್ಲಿದ್ದಲಿನ ಬೆಂಕಿ ಅದಕ್ಕೊಂದು ಮುಖ್ಯ ಕಾರಣವಾಗಿತ್ತು. 1956ರ ಶುದ್ಧ ಗಾಳಿ ಕಾಯ್ದೆ ಬಂದದ್ದು ಆ ಬಳಿಕ.

ಹಾಗಿದ್ದೂ ಜನ ಅಗ್ಗಿಷ್ಟಿಕೆ ಕೇಳುವುದೇಕೆ? ಲ್ಯಾಟಿನ್ ಭಾಷೆಯಲ್ಲಿ 'ಫೋಕಸ್' ಎಂದರೆ ಮನೆಯ ಒಲೆ. 1604ರಲ್ಲಿ ಕೆಪ್ಲರ್ ಅದನ್ನು ಬೆಳಕಿನ ಕಿರಣಗಳು ಕೂಡುವ ಬಿಂದುವಿಗೆ ಬಳಸಿದ. ಮನೆಮಂದಿ ಕೂಡುತ್ತಿದ್ದುದೂ ಅಲ್ಲೇ. ಆ ಜಾಗಕ್ಕೆ ಟಿವಿ ಬಂದು ಕೂತರೂ ಕುರ್ಚಿಗಳ ಸಾಲು ಬದಲಾಗಿಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಹಳೆ ಬಂಗಲೆಗಳಲ್ಲಿ, ಬೆಂಗಳೂರು ದಂಡಿನ ಪ್ರದೇಶದ ಮನೆಗಳಲ್ಲಿ ಬ್ರಿಟಿಷರು ಇದನ್ನು ಕಟ್ಟಿಸಿದ್ದಕ್ಕೆ ಚಳಿ ಎಷ್ಟು ಕಾರಣವೋ ತವರಿನ ನೆನಪೂ ಅಷ್ಟೇ ಕಾರಣವಿರಬೇಕು.

ಇಂದಿನ ಹೊಸ ಮನೆಗೆ ಇನ್ನೊಂದು ತೊಡಕಿದೆ. ಶಾಖ ಸೋರದಿರಲೆಂದು ಅದರ ಸಂದುಗೊಂದುಗಳನ್ನೆಲ್ಲ ಮುಚ್ಚಿರುತ್ತಾರೆ. ಹಳೆಯ ಮನೆಗೆ ಉಸಿರಾಟವಿತ್ತು, ಇದಕ್ಕಿಲ್ಲ. ಅಡುಗೆಮನೆಯ ಗಾಳಿ ಹೊರದೂಡುವ ಫ್ಯಾನ್ ಹಾಕಿದರೆ ಕೊಳವೆಯ ಹೊಗೆ ಕೋಣೆಗೇ ಹಿಂತಿರುಗಬಹುದು. ಅದರೊಂದಿಗೆ ಬಣ್ಣ, ವಾಸನೆ ಎರಡೂ ಇಲ್ಲದ, ಕೊಲ್ಲಬಲ್ಲ ಕಾರ್ಬನ್ ಮೊನಾಕ್ಸೈಡ್ ಕೂಡ. ಆದ್ದರಿಂದ ಬೇಕೇ ಬೇಕೆನ್ನುವವರಿಗೆ ತೆರೆದ ಗೂಡಿಗಿಂತ ಗಾಜಿನ ಬಾಗಿಲಿನ ಮುಚ್ಚಿದ ಸ್ಟೌ ಮೇಲು. ಉರಿಗೆ ಬೇಕಾದ ಗಾಳಿ ಪ್ರತ್ಯೇಕ ಕೊಳವೆಯಲ್ಲಿ ಹೊರಗಿನಿಂದಲೇ ಬರಬೇಕು. ಒಳ್ಳೆಯ ಸ್ಟೌ ಸೌದೆಯ ಶಾಖದಲ್ಲಿ ನಾಲ್ಕನೇ ಮೂರು ಪಾಲು ಉಳಿಸಿಕೊಡುತ್ತದೆ, ಆದರೆ ಸೌದೆ ಒಣಗಿರಬೇಕು. ಸಣ್ಣ ಪ್ರಮಾಣದಲ್ಲಿ ಮಾರುವ ಸೌದೆಯ ತೇವ ಶೇಕಡಾ 20 ಮೀರಬಾರದೆಂದು ಇಂಗ್ಲೆಂಡ್ 2021ರಲ್ಲಿ ನಿಯಮ ಮಾಡಿತು. ಕೊಳವೆಗೆ ಜಾಗ ಬಿಡುವ ತೀರ್ಮಾನ ನಕ್ಷೆಯ ಹಂತದಲ್ಲೇ ಆಗಬೇಕು. ಗೋಡೆ ಎದ್ದಮೇಲೆ ಮಾಡಹೋದರೆ ಖರ್ಚು ವಿಪರೀತ.

ಸ್ವಂತ ಮರಗಳಿರುವ, ಹಿಮ ಬಿದ್ದಾಗ ದಿನಗಟ್ಟಲೆ ವಿದ್ಯುತ್ ಕೈಕೊಡುವ ಹಳ್ಳಿಮನೆಗೆ ಈ ಖರ್ಚು ಸಾರ್ಥಕ. ಒತ್ತೊತ್ತಾಗಿ ಮನೆಗಳಿರುವ ನಗರದಲ್ಲಿ ಅಲ್ಲ. ಅಲ್ಲಿ ಎಂಥ ಉತ್ತಮ ಸ್ಟೌ ಆದರೂ ಅದರ ಸೂಕ್ಷ್ಮ ಕಣಗಳು ಸೇರುವುದು ನೆರೆಮನೆಯವರ ಶ್ವಾಸಕೋಶವನ್ನು. ಇಂಗ್ಲೆಂಡಿನ ಕೆಲವು ಹೊಸ ಬಡಾವಣೆಗಳಲ್ಲಿ ಇದಕ್ಕೊಂದು ಮಧ್ಯದ ಹಾದಿ ಕಂಡುಕೊಂಡಿದ್ದಾರೆ. ಬೀದಿಯ ನೋಟ ಹಳೆಯ ಮನೆಗಳಿಗೆ ಹೊಂದಲೆಂದು ಸೂರಿನ ಮೇಲೆ ಫೈಬರ್ ಗ್ಲಾಸಿನ ಹೊಗೆಗೂಡು ಕೂರಿಸುತ್ತಾರೆ. ಇಟ್ಟಿಗೆಯ ಬಣ್ಣ, ಗಾರೆಯ ಗೆರೆ ಎಲ್ಲ ಇರುತ್ತದೆ. ಅದರ ಕೆಳಗೆ ಒಲೆಯಿಲ್ಲ.