ಜನನದ ಇಳಿತವೂ ಕನ್ಯೆಯರ ಕೊರತೆಯೂ

ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳ 'ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ'ವು 1887ನೆಯ ಇಸವಿಯದು. ಹೊಸಗನ್ನಡದ ಸಾಮಾಜಿಕ ನಾಟಕಗಳಲ್ಲಿ ಮೊದಲನೆಯದೆಂದು ಪಂಡಿತರು ಎಣಿಸುವ ಈ ಕೃತಿಯ ವಸ್ತು ಕನ್ಯಾವಿಕ್ರಯ; ಎಂದರೆ ಉತ್ತರ ಕನ್ನಡದ ಹವ್ಯಕ ಸಮಾಜದಲ್ಲಿ ಹೆಣ್ಣಿನ ತಂದೆಯು ವರನಿಂದ ದ್ರವ್ಯವನ್ನು ಪಡೆದು ಮಗಳನ್ನು ಕೊಡುತ್ತಿದ್ದ ಪದ್ಧತಿ. ಸಾಹಿತ್ಯಚರಿತ್ರೆಯನ್ನು ಬೋಧಿಸುವವರು ಇದನ್ನು ಅಳಿದುಹೋದ ಅನಾಚಾರವೊಂದರ ವಿಡಂಬನೆಯೆಂದು ಹೇಳಿ ಮುಂದೆ ಸಾಗುವುದು ವಾಡಿಕೆ. ಆದರೆ ಅದೇ ಸೀಮೆಯ ಅಡಕೆತೋಟದ ಮನೆಗಳಲ್ಲಿ ಈಗ ಗಂಡುಮಕ್ಕಳಿಗೆ ಹೆಣ್ಣು ದೊರೆಯುವುದು ದುಸ್ತರವಾಗಿದ್ದು, ಹೊರ ಪ್ರಾಂತಗಳಿಂದ ಕನ್ಯೆಯರನ್ನು ತಂದ ನಿದರ್ಶನಗಳೂ ಉಂಟು. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ಯುವಕರು, ಅವರಲ್ಲಿ ಬಹುಮಂದಿ ಬೇಸಾಯಗಾರರು, ತಮಗೆ ವಿವಾಹಯೋಗವು ಒದಗಲೆಂದು ಮಲೆಯ ಮಹದೇಶ್ವರನ ಬೆಟ್ಟಕ್ಕೆ ಪಾದಯಾತ್ರೆ ಮಾಡಿದರು. ಜನರು ಅದನ್ನು 'ಬ್ರಹ್ಮಚಾರಿಗಳ ಪಾದಯಾತ್ರೆ' ಎಂದು ಕರೆದು ನಕ್ಕರು. ನಗುವುದಕ್ಕೆ ಅದರಲ್ಲಿ ಹೆಚ್ಚೇನೂ ಇರಲಿಲ್ಲ.

ವಿವಾಹಗಳು ಕಡಮೆಯಾದುದರಿಂದ ಜನನಗಳು ಕಡಮೆಯಾಗುತ್ತವೆ ಎಂಬುದು ಸಾಮಾನ್ಯವಾದ ಗ್ರಹಿಕೆ. ಜಪಾನಿನ ವಿಷಯದಲ್ಲಿ ಇದು ಬಹುಮಟ್ಟಿಗೆ ದಿಟ. ಅಲ್ಲಿ ದಂಪತಿಗಳು ಹೆರುವ ಮಕ್ಕಳ ಸರಾಸರಿ ಸಂಖ್ಯೆಯು 2002ರವರೆಗೆ ಹಲವು ದಶಕಗಳ ಕಾಲ 2.2ರಷ್ಟೇ ಇದ್ದು, 2021ರಲ್ಲಿಯೂ 1.9ರಷ್ಟಿದ್ದಿತು, ಆದರೆ 2020ರ ವೇಳೆಗೆ ಐವತ್ತು ವರ್ಷವಾದರೂ ಮದುವೆಯೇ ಆಗದ ಗಂಡಸರು ನೂರಕ್ಕೆ ಇಪ್ಪತ್ತೆಂಟು ಮಂದಿ ಇದ್ದರು. ಮದುವೆಯ ಹೊರಗೆ ಮಕ್ಕಳಾಗುವುದು ಅಲ್ಲಿ ಅತಿ ವಿರಳ. ಕರ್ಣಾಟಕದಲ್ಲಿ ಕ್ರಮವು ತಲೆಕೆಳಗಾಗಿದೆ. ಇಲ್ಲಿ ವಿವಾಹವು ಸಾರ್ವತ್ರಿಕವಾಗಿದ್ದಾಗಲೇ, ವಿವಾಹಿತರ ಮನೆಯೊಳಗೇ ಜನನವು ಇಳಿಯಿತು. ಆ ಇಳಿತವು ಒಂದು ತಲೆಮಾರು ಕಳೆದ ಮೇಲೆ ವಿವಾಹಕ್ಕೆ ಅಡ್ಡಿಯಾಗಿ ಬಂದು ನಿಂತಿತು. ಈ ಎರಡನೆಯ ನಡೆಯೇ ವಿಶೇಷವಾಗಿ ವಿಚಾರಾರ್ಹವಾದುದು.

ಜನನನಿಯಂತ್ರಣವು ಈ ನಾಡಿಗೆ ಹೊಸದೇನಲ್ಲ. ಮೈಸೂರು ಸಂಸ್ಥಾನದ ಸರಕಾರವು 1930ರಲ್ಲಿಯೇ ಅದಕ್ಕಾಗಿ ಚಿಕಿತ್ಸಾಲಯಗಳನ್ನು ತೆರೆಯಲು ಅಪ್ಪಣೆ ಕೊಟ್ಟಿತು. ಪ್ರಭುತ್ವವೇ ಮುಂದಾಗಿ ಇಂತಹ ಕಾರ್ಯವನ್ನು ಕೈಗೊಂಡುದಕ್ಕೆ ಪ್ರಪಂಚದಲ್ಲಿ ಅತಿ ಪ್ರಾಚೀನ ನಿದರ್ಶನಗಳಲ್ಲಿ ಇದೊಂದು. 1952ರಲ್ಲಿ ರಾಮನಗರದಲ್ಲಿ ಸ್ತ್ರೀಯರಿಗೆ ಬಣ್ಣಬಣ್ಣದ ಮಣಿಸರಗಳನ್ನು ಕೊಟ್ಟು ತಿಂಗಳ ದಿನಗಳನ್ನು ಎಣಿಸಲು ಕಲಿಸುವ ಪ್ರಯೋಗವೂ ನಡೆಯಿತು. ಮಣಿಗಳಿಂದ ಆದ ಪ್ರಯೋಜನ ಅಲ್ಪ. ನಿಜವಾದ ಇಳಿತವು ಮುಂದೆ, ಶಸ್ತ್ರಚಿಕಿತ್ಸೆಯಿಂದ ಬಂದಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳಂತೆ, ಕರ್ಣಾಟಕದಲ್ಲಿ ಒಬ್ಬ ಸ್ತ್ರೀಯು ತನ್ನ ಆಯುಷ್ಯದಲ್ಲಿ ಹೆರುವ ಮಕ್ಕಳ ಸರಾಸರಿಯು 1992–93ರಲ್ಲಿ 2.85, 1998–99ರಲ್ಲಿ 2.13, 2019–21ರಲ್ಲಿ 1.7. ಜನಸಂಖ್ಯೆಯು ತಲೆಮಾರಿನಿಂದ ತಲೆಮಾರಿಗೆ ಇದ್ದಷ್ಟೇ ಇರಬೇಕಾದರೆ ಇದು 2.1 ಇರಬೇಕು. ಕೊನೆಯ ಸಮೀಕ್ಷೆಯ ಕಾಲಕ್ಕೆ ವಿವಾಹಿತ ಸ್ತ್ರೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಮಾಡಿಸಿಕೊಂಡ ಗಂಡಸರು ಲೆಕ್ಕಕ್ಕೆ ಸಿಕ್ಕದಷ್ಟು ಕಡಮೆ.

ಇದರ ಕಾರಣಗಳು ಎಲ್ಲರೂ ಬಲ್ಲವು. ಶಿಶುಮರಣವು ತಗ್ಗಿತು, ಹೆತ್ತ ಮಕ್ಕಳು ಉಳಿಯುವರೆಂಬ ನಂಬಿಕೆ ಹುಟ್ಟಿತು. ಭೂಮಿಯು ಪಾಲಾಗುತ್ತ ಬಂದು, ರೈತನ ಸರಾಸರಿ ಹಿಡುವಳಿಯು 1970–71ರ 3.20 ಹೆಕ್ಟೇರಿನಿಂದ 2015–16ಕ್ಕೆ 1.36ಕ್ಕೆ ಇಳಿಯಿತು. ದನ ಕಾಯುತ್ತಿದ್ದ ಮಗುವು ಶಾಲೆಗೆ ಹೋದಂದಿನಿಂದ ಮನೆಗೆ ಆದಾಯವಾಗದೆ ವೆಚ್ಚವಾಯಿತು. ಒಂದೊಂದು ಮನೆಯ ಮಟ್ಟಿಗೆ ಇಬ್ಬರೇ ಮಕ್ಕಳು ಸಾಕೆಂಬ ನಿಶ್ಚಯವು ವಿವೇಕದ್ದೇ ಆಗಿದ್ದಿತು.

ಆದರೆ ವಿವಾಹವೆಂಬುದು ಒಂದು ಮನೆಯ ಲೆಕ್ಕದಲ್ಲಿ ಮುಗಿಯತಕ್ಕದ್ದಲ್ಲ. ಈ ನಾಡಿನಲ್ಲಿ ವರನು ವಧುವಿಗಿಂತ ಹಲವು ವರ್ಷ ಹಿರಿಯನಾಗಿರುವುದು ರೂಢಿ. ಆದುದರಿಂದ ಒಂದು ವರ್ಷ ಹುಟ್ಟಿದ ಗಂಡುಗಳಿಗೆ, ಅನಂತರದ ವರ್ಷಗಳಲ್ಲಿ ಹುಟ್ಟಿದ ಹೆಣ್ಣುಗಳು ಜೊತೆಯಾಗಬೇಕು. ಬದುಕುಳಿಯುವ ಶಿಶುಗಳ ಸಂಖ್ಯೆಯು ವರ್ಷಕ್ಕೆ ನೂರಕ್ಕೆ ಎರಡರಂತೆ ಏರುತ್ತಿದ್ದು, ವಯಸ್ಸಿನ ಅಂತರವು ಏಳು ವರ್ಷಗಳಿದ್ದರೆ, ನೂರು ವರರಿಗೆ ಸುಮಾರು ನೂರ ಹದಿನೈದು ಕನ್ಯೆಯರು ಸಿದ್ಧರಾಗುತ್ತಾರೆ. ಅದೇ ಸಂಖ್ಯೆಯು ವರ್ಷಕ್ಕೆ ನೂರಕ್ಕೆ ಒಂದರಂತೆ ಇಳಿಯುತ್ತಿದ್ದು ಅಂತರವು ಐದು ವರ್ಷಗಳಿದ್ದರೆ, ನೂರು ವರರಿಗೆ ತೊಂಬತ್ತೈದೇ ಕನ್ಯೆಯರು. ಯಾರೂ ಕೇಡನ್ನು ಬಗೆಯದೆ, ಯಾವ ನಿಯಮವೂ ಬದಲಾಗದೆ, ಹುಟ್ಟುವ ಮಕ್ಕಳ ಸಂಖ್ಯೆ ಏರುವ ಬದಲು ಇಳಿದುದರಿಂದಲೇ ಕನ್ಯೆಯರ ಬಾಹುಳ್ಯವು ಅಭಾವವಾಗುತ್ತದೆ.

ವಿವಾಹದ ಹಣವು ಯಾವ ಕಡೆಯಿಂದ ಯಾವ ಕಡೆಗೆ ಹರಿಯಿತೆಂಬ ಚರಿತ್ರೆಗೂ ಇದಕ್ಕೂ ಸಂಬಂಧವುಂಟು. ಎಂ. ಎನ್. ಶ್ರೀನಿವಾಸರು 1942ರಲ್ಲಿ ಪ್ರಕಟಿಸಿದ ಮೈಸೂರಿನ ವಿವಾಹ ಮತ್ತು ಕುಟುಂಬಗಳ ಅಧ್ಯಯನದಿಂದ, ಬ್ರಾಹ್ಮಣೇತರ ಜಾತಿಗಳಲ್ಲಿ ಗಂಡಿನವರು ಹೆಣ್ಣಿನವರಿಗೆ 'ತೆರ' ಕೊಡುವ ವಾಡಿಕೆಯು ವ್ಯಾಪಕವಾಗಿತ್ತೆಂದು ತಿಳಿದುಬರುತ್ತದೆ. ಆ ಜಾತಿಗಳಲ್ಲಿಯೂ ಶತಮಾನದ ಉತ್ತರಾರ್ಧದಲ್ಲಿ ತೆರವು ಮಾಯವಾಗಿ ವರದಕ್ಷಿಣೆಯು ಬೇರೂರಿತು. 1961ರ ನಿಷೇಧಶಾಸನದಿಂದ ಅದು ಅಳಿಯಲಿಲ್ಲ. ಬೆಂಗಳೂರಿಗೆ ಪಶ್ಚಿಮದ ಹಳ್ಳಿಗಳಲ್ಲಿ 1980ರ ಆಸುಪಾಸಿನಲ್ಲಿ ಸಂಶೋಧನೆ ನಡೆಸಿದ ಕಾಲ್ಡ್‌ವೆಲ್ ದಂಪತಿಗಳೂ ಪಿ. ಎಚ್. ರೆಡ್ಡಿಯವರೂ ಈ ಪಲ್ಲಟಕ್ಕೆ ಕನ್ಯೆಯರ ಬಾಹುಳ್ಯವೂ, ಸಂಬಳದ ನೌಕರಿಯುಳ್ಳ ವರರ ಕೊರತೆಯೂ ಕಾರಣಗಳೆಂದು ತೋರಿಸಿದರು. ಶ್ರೀನಿವಾಸರೂ ಮುಂದೆ 1984ರಲ್ಲಿ, ಆಧುನಿಕ ವರದಕ್ಷಿಣೆಯನ್ನು ಪ್ರಾಚೀನ ಸ್ತ್ರೀಧನದ ಮುಂದುವರಿಕೆಯೆಂದು ಭಾವಿಸುವುದು ತಪ್ಪೆಂದು ವಾದಿಸಿದರು. ಧರ್ಮಶಾಸ್ತ್ರದ ವಚನಗಳನ್ನು ಹುಡುಕಿ ವರದಕ್ಷಿಣೆಗೆ ಆಧಾರ ಕಲ್ಪಿಸುವವರು ಈ ಮಾತನ್ನು ಗಮನಿಸಬೇಕು.

ಜನನದ ಇಳಿತವು ವಿವಾಹವನ್ನು ಇನ್ನೊಂದು ಬಗೆಯಲ್ಲಿಯೂ ಬಾಧಿಸಿದೆ. ಇದರ ಕಡೆಗೆ ವಿದ್ವಾಂಸರ ಗಮನವು ಸಾಕಷ್ಟು ಹರಿದಂತೆ ತೋರುವುದಿಲ್ಲ. ದಕ್ಷಿಣದಲ್ಲಿ ಅಕ್ಕನ ಮಗಳನ್ನೂ, ಸೋದರಮಾವನ ಅಥವಾ ಸೋದರತ್ತೆಯ ಮಗಳನ್ನೂ ತಂದುಕೊಳ್ಳುವ ಪದ್ಧತಿಯಿದೆ. ಬಡವನಾಗಲಿ ರೂಪಹೀನನಾಗಲಿ, ಹೊರಗೆ ಹೆಣ್ಣು ಸಿಕ್ಕದವನಿಗೆ ಬಳಗದೊಳಗೆ ಒಂದು ಹೆಣ್ಣು ಮೀಸಲಾಗಿರುತ್ತಿದ್ದಿತು. ಇದು ನಡೆಯುತ್ತಿದ್ದುದು ಮಕ್ಕಳ ಸಂಖ್ಯೆಯು ದೊಡ್ಡದಾಗಿದ್ದುದರಿಂದ. ಏಳೆಂಟು ಮಕ್ಕಳ ಮನೆಯಲ್ಲಿ ಹಿರಿಯ ಮಗಳು ಹದಿನಾರರಲ್ಲಿ ಹೆತ್ತಾಗ ಆಕೆಯ ಕಿರಿಯ ತಮ್ಮನಿಗೆ ನಾಲ್ಕೈದು ವರ್ಷ. ಆ ಶಿಶುವು ಅವನಿಗೆ ವಯಸ್ಸಿನಲ್ಲಿ ಒಪ್ಪುವ ವಧುವಾಗುವುದು ಸಾಧ್ಯ. ಇಬ್ಬರೇ ಮಕ್ಕಳ ಮನೆಯಲ್ಲಿ ಅಕ್ಕನು ಇಪ್ಪತ್ತೈದರಲ್ಲಿ ಹೆತ್ತರೆ ತಮ್ಮನಿಗೆ ಆಗಲೇ ಇಪ್ಪತ್ತೆರಡು. ಅಕ್ಕನೇ ಇಲ್ಲದ ಮನೆಗಳು ಎಷ್ಟೋ. ಮಾವನಿಗೂ ಅತ್ತೆಗೂ ಒಂದೊಂದೇ ಗಂಡು. ಹೀಗೆ ಯಾವ ಶಾಸನವೂ ಸುಧಾರಕನೂ ಕೈಹಾಕದೆ, ಬಳಗದ ಮದುವೆಯ ಆಸರೆಯು ಕೇವಲ ಎಣಿಕೆಯ ಬಲದಿಂದ ಕುಸಿಯುತ್ತಿದೆ. ಬಳಗದ ಹೊರಗೆ ಒಳಜಾತಿಯ ಎಲ್ಲೆಗಳು ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿದಿವೆ. ಹವ್ಯಕರಂತಹ ಚಿಕ್ಕ ಸಮುದಾಯಗಳಲ್ಲಿ ಕೊರತೆಯು ಮೊದಲು ಕಾಣಿಸಿದುದರಲ್ಲಿ ಆಶ್ಚರ್ಯವಿಲ್ಲ.

ಇದರ ಮೇಲೆ ಮನುಷ್ಯಕೃತವಾದ ಕೇಡೂ ಸೇರಿದೆ. ಮಕ್ಕಳು ಇಬ್ಬರೇ ಎಂದಾದಾಗ ಅವರಲ್ಲಿ ಒಂದು ಗಂಡಾಗಲೇಬೇಕೆಂಬ ಹಟವು ಹೆಚ್ಚಿತು. ಖಾನೇಷುಮಾರಿಯಂತೆ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳು 1991ರಲ್ಲಿ 960, 2001ರಲ್ಲಿ 946, 2011ರಲ್ಲಿ 948. ಗರ್ಭಸ್ಥ ಶಿಶುವಿನ ಲಿಂಗಪತ್ತೆಯನ್ನು 1994ರ ಶಾಸನವು ನಿಷೇಧಿಸಿದೆ. ಆದರೂ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಆ ಕೆಲಸವು ಗುಟ್ಟಾಗಿ ನಡೆಯುತ್ತಿದ್ದುದು 2023ರ ಕೊನೆಯಲ್ಲಿ ಹೊರಬಿದ್ದಿತು. ಬ್ರಹ್ಮಚಾರಿಗಳು ಬೆಟ್ಟ ಹತ್ತಿದುದೂ ಅದೇ ಜಿಲ್ಲೆಯಿಂದ, ಅದೇ ವರ್ಷದಲ್ಲಿ.

ಕೊರತೆಯ ಭಾರವು ಎಲ್ಲ ಗಂಡಸರ ಮೇಲೂ ಸಮನಾಗಿ ಬೀಳಲಿಲ್ಲ. ಓದಿದ ಹೆಣ್ಣು ಪಟ್ಟಣದ ನೌಕರನನ್ನು ಒಪ್ಪುತ್ತಾಳೆ, ಹೊಲಗೇಯುವವನನ್ನು ಒಲ್ಲೆನೆನ್ನುತ್ತಾಳೆ. ಇದನ್ನು ಹೆಣ್ಣುಮಕ್ಕಳ ಒಯ್ಯಾರವೆಂದು ಜರೆಯುವುದು ಸುಲಭ. ಆದರೆ ಕೊಟ್ಟಿಗೆಯ ಸಗಣಿಯನ್ನೂ, ಬತ್ತಿದ ಕೊಳವೆಬಾವಿಯ ಸಾಲವನ್ನೂ, ತಾಯಿಯ ಬೆನ್ನು ಬಾಗಿದುದನ್ನೂ ಕಣ್ಣಾರೆ ಕಂಡು ಬೆಳೆದವಳು ಅವಳು. ಅಂತಹ ಬಾಳು ಮಗಳಿಗೆ ಬೇಡವೆಂದು ಮೊದಲು ನಿಶ್ಚಯಿಸಿದವಳೂ ಆ ತಾಯಿಯೇ. ಮಗಳಿಗೆ ಬೆಂಗಳೂರಿನ ಅಳಿಯನನ್ನೇ ಹುಡುಕುವ ರೈತನು, ಬೇಸಾಯದಲ್ಲಿ ನಿಂತ ತನ್ನ ಮಗನಿಗೆ ಇನ್ನೊಬ್ಬ ರೈತನು ಹೆಣ್ಣು ಕೊಡಲಿಲ್ಲವೆಂದು ಕೊರಗುವುದು ಈಗ ಹಳ್ಳಿಹಳ್ಳಿಯಲ್ಲಿ ಕಾಣುವ ಸಂಗತಿ. ವರದಕ್ಷಿಣೆಯ ಕಾಲದಲ್ಲಿ ಹೆಣ್ಣು ಹೆತ್ತವರು ಉಂಡ ಅವಮಾನವನ್ನು ಈಗ ಗಂಡು ಹೆತ್ತವರು, ಅವರಲ್ಲಿಯೂ ಭೂಮಿಯನ್ನೇ ನಂಬಿದವರು, ಉಣ್ಣುತ್ತಿದ್ದಾರೆ. ಮದುವೆಯ ವೆಚ್ಚವನ್ನೆಲ್ಲ ವರನ ಕಡೆಯವರೇ ಹೊರುತ್ತೇವೆಂದು ಮುಂದೆ ಬರುವುದೂ ಅಲ್ಲಲ್ಲಿ ಉಂಟು. ಅದಕ್ಕೆ ತೆರವೆಂಬ ಹೆಸರನ್ನು ಯಾರೂ ಇಡುವುದಿಲ್ಲ. ನೌಕರಿಯುಳ್ಳ ವರನಿಗೆ ವರದಕ್ಷಿಣೆಯು ಸಲ್ಲುತ್ತಿರುವಾಗಲೇ ಪಕ್ಕದ ಮನೆಯಲ್ಲಿ ಇದೂ ನಡೆಯುತ್ತದೆ.

2011ರ ಖಾನೇಷುಮಾರಿಯಲ್ಲಿ ಆರು ವರ್ಷದೊಳಗಿನವರೆಂದು ಎಣಿಸಲ್ಪಟ್ಟ ಹೆಣ್ಣುಮಕ್ಕಳು ಇಪ್ಪತ್ತೊಂದನೆಯ ವರ್ಷವನ್ನು ಮುಟ್ಟುವುದು ಸುಮಾರಾಗಿ 2025ರಿಂದ 2032ರವರೆಗಿನ ಅವಧಿಯಲ್ಲಿ. ಅವರನ್ನು ವರಿಸಬೇಕಾದವರು ಅವರಿಗಿಂತ ನಾಲ್ಕೈದು ವರ್ಷ ಮೊದಲು ಹುಟ್ಟಿ ಆಗಲೇ ವಿವಾಹದ ವಯಸ್ಸಿಗೆ ಬಂದಿರುತ್ತಾರೆ; ಅವರಿಗಿಂತ ಹಿರಿಯರಾಗಿ, ಇನ್ನೂ ಮದುವೆಯಾಗದೆ ಉಳಿದವರೂ ಆ ಸಾಲಿನಲ್ಲಿಯೇ ನಿಂತಿರುತ್ತಾರೆ.