ಗುರಿಗೆರೆಯಲ್ಲಿ ಸ್ವಾಗತ: ಒಂಟಿ ನಾವಿಕರು ಒಪ್ಪಿಸಿದ ಲೆಕ್ಕ

ಚಿತ್ರದುರ್ಗ ಜಿಲ್ಲೆಗೆ ಕಡಲಿಲ್ಲ. ಆದರೆ ಊರುಗಳ ಹೆಸರಿನಲ್ಲಿ ಕಡಲಿಗೆ ಕೊರತೆಯಿಲ್ಲ. ಭರಮಸಾಗರ, ಭೀಮಸಮುದ್ರ, ಹಿರಿಯೂರಿನ ವಾಣಿವಿಲಾಸ ಸಾಗರ: ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಹಿರಿಯರು ತಾವು ಕಟ್ಟಿಸಿದ ಕೆರೆ ಕಟ್ಟೆಗಳಿಗೆ ಸಾಗರವೆಂದೂ ಸಮುದ್ರವೆಂದೂ ಹೆಸರಿಟ್ಟು ಸಮಾಧಾನಪಟ್ಟರು. ಇಂತಹ ಊರಿನ ವರ್ತಕರಿಗೆ, ಪುಟ್ಟ ಹಾಯಿದೋಣಿಯಲ್ಲಿ ಒಬ್ಬಂಟಿಯಾಗಿ ಭೂಮಿಯನ್ನು ಸುತ್ತಿ ಬರುವ ನಾವಿಕರ ಸಂಗತಿ ಸಂಬಂಧವಿಲ್ಲದ್ದೆಂದು ತೋರುವುದು ಸಹಜ.

ಆದರೆ ಭರಮಸಾಗರದ ಹೆದ್ದಾರಿಯ ಬದಿಯಲ್ಲಿ ಅಂಗಡಿಯನ್ನೋ ವರ್ಕ್‌ಷಾಪನ್ನೋ ನಡೆಸುವ ಏಕಮಾಲೀಕನ ದಿನಚರಿಯನ್ನು ಒಮ್ಮೆ ನೆನೆಯಬೇಕು. ಖರೀದಿಯೂ ಆತನದೇ, ಮಾರಾಟವೂ ಆತನದೇ; ಉದ್ರಿ ವಸೂಲಿ, ಬ್ಯಾಂಕಿನ ಓಡಾಟ, ರಾತ್ರಿ ಬೀಗ ಹಾಕುವುದು ಎಲ್ಲವೂ ಆತನ ಪಾಲಿಗೇ. ಒಂಟಿ ನಾವಿಕನ ಸ್ಥಿತಿಯೂ ಇದೇ. ಚುಕ್ಕಾಣಿ ಹಿಡಿಯುವವನೂ, ಅಡುಗೆ ಮಾಡುವವನೂ, ಮುರಿದದ್ದನ್ನು ದುರಸ್ತಿ ಮಾಡುವವನೂ ಅವನೊಬ್ಬನೇ. ಪ್ರತಿದಿನ ಲಾಗ್ ಪುಸ್ತಕದಲ್ಲಿ ದೋಣಿಯ ಸ್ಥಾನ, ಗಾಳಿ, ಹವೆಗಳನ್ನು ದಾಖಲಿಸುವವನೂ ಅವನೇ. ವರ್ತಕನಿಗೆ ರೋಜುಮೇಳವಿದ್ದಂತೆ ನಾವಿಕನಿಗೆ ಲಾಗ್ ಪುಸ್ತಕ. ಗುರಿಗೆರೆಯ ಬಳಿ ಜನ ಆತನನ್ನು ಹೇಗೆ ಬರಮಾಡಿಕೊಳ್ಳುತ್ತಾರೆ ಎಂಬುದರಲ್ಲಿ ವ್ಯಾಪಾರಿ ಸಮಾಜಕ್ಕೂ ಅನ್ವಯಿಸುವ ಒಂದು ವಿಚಾರವಿದೆ.

ಫಾಲ್ಮತ್ ಬಂದರಿನ ಸ್ವಾಗತ

1968ರಲ್ಲಿ ಬ್ರಿಟನ್ನಿನ 'ಸಂಡೇ ಟೈಮ್ಸ್' ಪತ್ರಿಕೆಯು ಎಲ್ಲಿಯೂ ನಿಲ್ಲದೆ, ಯಾರ ನೆರವನ್ನೂ ಪಡೆಯದೆ, ಒಬ್ಬಂಟಿಯಾಗಿ ಭೂಮಿಯನ್ನು ಸುತ್ತುವ 'ಗೋಲ್ಡನ್ ಗ್ಲೋಬ್' ಸ್ಪರ್ಧೆಯನ್ನು ಘೋಷಿಸಿತು. ಮೊದಲು ಮರಳಿದವರಿಗೆ ಗೋಲ್ಡನ್ ಗ್ಲೋಬ್ ಪಾರಿತೋಷಕ. ಅತಿ ಕಡಿಮೆ ಅವಧಿಯಲ್ಲಿ ಮುಗಿಸಿದವರಿಗೆ 5,000 ಪೌಂಡ್ ನಗದು. ಕಣಕ್ಕಿಳಿದವರು 9 ಮಂದಿ. ಕ್ರಮಬದ್ಧವಾಗಿ ಗುರಿ ಮುಟ್ಟಿದವರು ರಾಬಿನ್ ನಾಕ್ಸ್-ಜಾನ್ಸ್ಟನ್ ಒಬ್ಬರೇ. 1968ರ ಜೂನ್ 14ರಂದು ಫಾಲ್ಮತ್ ಬಂದರಿನಿಂದ ಹೊರಟ ಅವರು 312 ದಿನಗಳ ಬಳಿಕ, 1969ರ ಏಪ್ರಿಲ್ 22ರಂದು ಅದೇ ಬಂದರಿಗೆ ಮರಳಿದರು. ಅವರ 32 ಅಡಿಯ 'ಸುಹೈಲಿ' ದೋಣಿಯು ಮುಂಬೈಯಲ್ಲಿ ತೇಗದ ಮರದಿಂದ ಕಟ್ಟಲ್ಪಟ್ಟದ್ದೆಂಬುದು ಭಾರತೀಯರು ಹೆಮ್ಮೆಪಡಬೇಕಾದ ಸಂಗತಿ.

ಅಂದು ದೋಣಿಯನ್ನು ಮೊದಲು ಹತ್ತಿದವರು ಸುಂಕದ ಅಧಿಕಾರಿಗಳು. ಎಲ್ಲಿಂದ ಬರುತ್ತಿದ್ದೀರಿ ಎಂದು ಅವರು ವಾಡಿಕೆಯಂತೆ ವಿಚಾರಿಸಿದಾಗ, ಫಾಲ್ಮತ್‌ನಿಂದಲೇ ಎಂದು ನಾವಿಕರು ಉತ್ತರಿಸಿದರಂತೆ. ಎಷ್ಟೇ ದೊಡ್ಡ ಸಾಧನೆಯಾದರೂ ದಾಖಲೆಯ ತಪಾಸಣೆ ಮೊದಲು, ಹಾರ ತುರಾಯಿ ಅನಂತರ ಎಂಬ ಕ್ರಮವು ಲೆಕ್ಕ ಪರಿಶೋಧನೆ ಕಂಡ ವರ್ತಕರಿಗೆ ಹೊಸದೇನಲ್ಲ.

ನಡೆಯದೆ ಹೋದ ಸ್ವಾಗತ

ಅದೇ ಸ್ಪರ್ಧೆಯಲ್ಲಿದ್ದ ಡೊನಾಲ್ಡ್ ಕ್ರೌಹರ್ಸ್ಟ್ ಅವರ ವೃತ್ತಾಂತವನ್ನು ಸಣ್ಣ ಉದ್ಯಮಿಗಳು ವಿಶೇಷವಾಗಿ ಗಮನಿಸಬೇಕು. ಇವರು 1932ರಲ್ಲಿ ಜನಿಸಿದ್ದು ನಮ್ಮ ಗಾಜಿಯಾಬಾದಿನಲ್ಲಿ. ತಂದೆಯ ಉಳಿತಾಯವನ್ನು ತೊಡಗಿಸಿದ್ದ ಕ್ರೀಡಾ ಸಾಮಗ್ರಿ ಕಾರ್ಖಾನೆಯು ದೇಶವಿಭಜನೆಯ ಗಲಭೆಯಲ್ಲಿ ಸುಟ್ಟುಹೋಯಿತು. ಇಂಗ್ಲೆಂಡಿಗೆ ತೆರಳಿದ ಕುಟುಂಬದ ಈ ಮಗ ಮುಂದೆ 'ಎಲೆಕ್ಟ್ರಾನ್ ಯುಟಿಲೈಸೇಷನ್' ಎಂಬ ಪುಟ್ಟ ಸಂಸ್ಥೆಯನ್ನು ಕಟ್ಟಿ, ರೇಡಿಯೋ ಸಂಕೇತದಿಂದ ದಿಕ್ಕನ್ನು ತಿಳಿಸುವ 'ನ್ಯಾವಿಕೇಟರ್' ಎಂಬ ಉಪಕರಣವನ್ನು ತಯಾರಿಸಿದರು. ವ್ಯಾಪಾರ ಕುಸಿಯತೊಡಗಿದಾಗ, ಸ್ಪರ್ಧೆ ಗೆದ್ದರೆ ಸಂಸ್ಥೆ ಉಳಿದೀತೆಂಬ ಆಸೆ ಅವರದಾಗಿತ್ತು.

ಬಂಡವಾಳ ಒದಗಿಸಿದವರೊಡನೆ ಆದ ಕರಾರು ಬಲು ಬಿಗಿಯಾಗಿತ್ತು. ಯಾನ ವಿಫಲವಾದರೆ ದೋಣಿಯನ್ನು ಕ್ರೌಹರ್ಸ್ಟ್ ಅವರೇ ಮರಳಿ ಖರೀದಿಸಬೇಕು. ಅದಕ್ಕೆ ಭದ್ರತೆಯಾಗಿ ಮನೆ ಮತ್ತು ಉದ್ಯಮ ಎರಡೂ ಅಡಮಾನ. ಹೊರಡಲು ನಿಗದಿಯಾಗಿದ್ದ ಕಡೆಯ ದಿನವಾದ 1968ರ ಅಕ್ಟೋಬರ್ 31ರಂದು, ಸಿದ್ಧತೆ ಪೂರ್ಣಗೊಳ್ಳದ ದೋಣಿಯಲ್ಲಿ ಅವರು ಟೈನ್ಮತ್ ಪಟ್ಟಣದಿಂದ ಹೊರಟರು. ಕೆಲವೇ ವಾರಗಳಲ್ಲಿ ದೋಣಿ ಸೋರತೊಡಗಿತು. ಇದರಲ್ಲಿ ಮುಂದೆ ಸಾಗಿದರೆ ಪ್ರಾಣಾಪಾಯ, ಹಿಂದಿರುಗಿದರೆ ದಿವಾಳಿ.

ಆಗ ಅವರು ಮೂರನೆಯ ದಾರಿಯೊಂದನ್ನು ಹಿಡಿದರು. ಅಟ್ಲಾಂಟಿಕ್ ಸಾಗರದಲ್ಲಿಯೇ ಸುತ್ತಾಡುತ್ತ, ತಾವು ವೇಗವಾಗಿ ಮುನ್ನಡೆಯುತ್ತಿರುವುದಾಗಿ ರೇಡಿಯೋ ಮೂಲಕ ಸುಳ್ಳು ಸ್ಥಾನಗಳನ್ನು ವರದಿ ಮಾಡಿದರು. ಒಂದೇ ದಿನದಲ್ಲಿ 243 ಮೈಲಿ ಸಾಗಿದ ದಾಖಲೆಯನ್ನೂ ಘೋಷಿಸಿದರು. ದೋಣಿಯಲ್ಲಿದ್ದ ಪುಸ್ತಕದಲ್ಲಿ ನಿಜ, ಹೊರಗಿನವರಿಗೆ ಕಳುಹಿಸಿದ್ದು ಸುಳ್ಳು: ಹೀಗೆ ಎರಡು ಲೆಕ್ಕ ಹುಟ್ಟಿಕೊಂಡವು. ಸ್ಪರ್ಧೆಯ ತೀರ್ಪುಗಾರರ ಮುಖ್ಯಸ್ಥರಾಗಿದ್ದ ಪ್ರಸಿದ್ಧ ನಾವಿಕ ಸರ್ ಫ್ರಾನ್ಸಿಸ್ ಚಿಚೆಸ್ಟರ್ ಅವರಿಗೆ ಈ ಅಂಕಿಗಳ ಬಗ್ಗೆ ಅನುಮಾನ ಮೂಡಿತ್ತು.

ಸುಳ್ಳು ಲೆಕ್ಕದ ಮೊದಲ ನಷ್ಟ ಬೇರೊಬ್ಬರಿಗೆ ತಟ್ಟಿತು. ಕ್ರೌಹರ್ಸ್ಟ್ ಬೆನ್ನಟ್ಟಿ ಬರುತ್ತಿದ್ದಾರೆಂದು ನಂಬಿದ ನೈಜೆಲ್ ಟೆಟ್ಲಿ ಅವರು ಜೀರ್ಣವಾಗಿದ್ದ ತಮ್ಮ ದೋಣಿಯನ್ನು ಮಿತಿಮೀರಿ ಓಡಿಸಿದರು. 1969ರ ಮೇ 21ರಂದು ಅದು ಮುಳುಗಿತು. ಟೆಟ್ಲಿ ಬದುಕುಳಿದರು. ಆದರೆ ಇದರಿಂದಾಗಿ ವೇಗದ ಬಹುಮಾನ ಕ್ರೌಹರ್ಸ್ಟ್ ಅವರ ಪಾಲಿಗೆ ಖಚಿತವೆನಿಸಿತು. ಗೆದ್ದವರ ಪುಸ್ತಕಗಳ ಪರಿಶೀಲನೆ ಅನಿವಾರ್ಯ. ಟೈನ್ಮತ್‌ನಲ್ಲಿ ವೀರೋಚಿತ ಸ್ವಾಗತಕ್ಕೆ ಸಿದ್ಧತೆ ನಡೆದಿದ್ದಾಗ, ಸ್ವಾಗತಿಸಿಕೊಳ್ಳಬೇಕಾದವರಿಗೆ ಊರು ಸಮೀಪಿಸುವುದೇ ಭಯವಾಯಿತು. ಅವರ ಕೊನೆಯ ಬರವಣಿಗೆ ಜುಲೈ 1ರದು. ಜುಲೈ 10ರಂದು ಒಂದು ಹಡಗಿನವರಿಗೆ ಖಾಲಿ ದೋಣಿ ದೊರೆಯಿತು. ಅದರಲ್ಲಿದ್ದ ಪುಸ್ತಕಗಳಿಂದಲೇ ಸತ್ಯಾಂಶ ಹೊರಬಿದ್ದಿತು.

ಇದ್ದೊಬ್ಬ ವಿಜೇತರಾಗಿ ಉಳಿದ ನಾಕ್ಸ್-ಜಾನ್ಸ್ಟನ್ ಅವರು 5,000 ಪೌಂಡುಗಳ ಬಹುಮಾನವನ್ನು ಕ್ರೌಹರ್ಸ್ಟ್ ಅವರ ಕುಟುಂಬದ ನೆರವಿಗೆ ನೀಡಿದರು.

ಮಹದಾಯಿಯ ಹೆಸರಿನ ದೋಣಿ

ಈ ಬಗೆಯ ಯಾನಕ್ಕೆ ಭಾರತ ಕೈಹಾಕಿದ್ದು ನಾಲ್ಕು ದಶಕಗಳ ಬಳಿಕ. ಅದರ ಆರಂಭವಿರುವುದು ಒಂದು ಸಣ್ಣ ಕೈಗಾರಿಕೆಯಲ್ಲಿ. ನೌಕಾಪಡೆಯ ನಿವೃತ್ತ ವೈಸ್ ಅಡ್ಮಿರಲ್ ಮನೋಹರ ಅವಟಿ ಅವರ ಕನಸಿನ 'ಸಾಗರ ಪರಿಕ್ರಮ' ಯೋಜನೆಗೆ ದೋಣಿ ಕಟ್ಟುವ ಹೊಣೆ ಗೋವಾದ ದಿವಾರ್ ದ್ವೀಪದ ರತ್ನಾಕರ ದಾಂಡೇಕರ್ ಅವರ ಅಕ್ವೇರಿಯಸ್ ಕಾರ್ಖಾನೆಗೆ ಬಂದಿತು. ಅಂತಹ ಹಾಯಿದೋಣಿಯನ್ನು ಆ ಕಾರ್ಖಾನೆ ಅದುವರೆಗೆ ಕಟ್ಟಿರಲಿಲ್ಲ. ನೆದರ್ಲೆಂಡ್ಸಿನ ವಿನ್ಯಾಸವನ್ನು ಆಧರಿಸಿ, ಮರ ಮತ್ತು ಫೈಬರ್‌ಗ್ಲಾಸ್ ಬಳಸಿ 56 ಅಡಿಯ ದೋಣಿಯನ್ನು ಕಟ್ಟಲಾಯಿತು. 2009ರ ಫೆಬ್ರುವರಿಯಲ್ಲಿ ಅದು ನೌಕಾಪಡೆಯನ್ನು ಸೇರಿತು.

ದೋಣಿಗಿಟ್ಟ ಹೆಸರು 'ಮ್ಹಾದೇಯಿ'. ಇದು ಮಾಂಡೋವಿ ನದಿಯ ಮೂಲ ಹೆಸರು. ನಮ್ಮ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟುವ ಮಹದಾಯಿಯೇ ಇದು. ಈ ದೋಣಿಯಲ್ಲಿ 2009ರ ಆಗಸ್ಟ್ 19ರಂದು ಮುಂಬೈನಿಂದ ಹೊರಟ ಕಮಾಂಡರ್ ದಿಲೀಪ್ ದೋಂದೆ ಅವರು ನಾಲ್ಕು ಬಂದರುಗಳಲ್ಲಿ ತಂಗಿ, 2010ರ ಮೇ 19ರಂದು ಮರಳಿ, ಒಬ್ಬಂಟಿಯಾಗಿ ಭೂಪ್ರದಕ್ಷಿಣೆ ಮಾಡಿದ ಮೊದಲ ಭಾರತೀಯರೆನಿಸಿದರು.

ಆ ಉದ್ಯಮಿಗೆ ಒಂದು ಕೆಲಸವನ್ನು ಸರಿಯಾಗಿ ಮುಗಿಸಿದ್ದೇ ಮುಂದಿನ ಕೆಲಸಗಳಿಗೆ ಯೋಗ್ಯತಾಪತ್ರವಾಯಿತು. ಆರು ಮಹಿಳಾ ಅಧಿಕಾರಿಗಳು 2017–18ರಲ್ಲಿ ಭೂಮಿ ಸುತ್ತಿದ 'ತಾರಿಣಿ'ಯನ್ನೂ ಅಕ್ವೇರಿಯಸ್ ಕಟ್ಟಿತು. ಹಲಗೆಗಳನ್ನು ನಾರಿನ ಹಗ್ಗದಿಂದ ಹೊಲಿದು ಮಾಡಿದ 'ಕೌಂಡಿನ್ಯ' ಹಡಗು ದಾಂಡೇಕರ್ ಅವರ ಮತ್ತೊಂದು ಸಂಸ್ಥೆಯಲ್ಲಿ ಸಿದ್ಧಗೊಂಡು, 2025ರ ಮೇ 21ರಂದು ನಮ್ಮ ಕಾರವಾರದಲ್ಲಿಯೇ ನೌಕಾಪಡೆಗೆ ಸೇರ್ಪಡೆಯಾಯಿತು.

ಮಾರ್ಚ್ 31ರ ಆಗಮನ

ದೋಂದೆ ಅವರಿಗೆ ದಡದಿಂದ ನೆರವಾಗಿದ್ದ ಕೇರಳ ಮೂಲದ ಅಭಿಲಾಷ್ ಟೋಮಿ ಅವರು 2012ರ ನವೆಂಬರ್ 1ರಂದು ಅದೇ ಮ್ಹಾದೇಯಿಯಲ್ಲಿ ಹೊರಟು, ಎಲ್ಲಿಯೂ ನಿಲ್ಲದೆ 151 ದಿನಗಳಲ್ಲಿ ಭೂಮಿ ಸುತ್ತಿದರು. ಅವರು ಮುಂಬೈ ಮುಟ್ಟಿದ್ದು 2013ರ ಮಾರ್ಚ್ 31ರಂದು. ವರ್ತಕರು ವರ್ಷದ ಲೆಕ್ಕ ಮುಗಿಸುವ ದಿನವೇ ಅವರ ಯಾನದ ಲೆಕ್ಕವೂ ಮುಗಿಯಿತು. ಆಗಿನ ರಾಷ್ಟ್ರಪತಿ ಪ್ರಣವ್ ಮುಖರ್ಜಿ ಅವರು ಗೇಟ್‌ವೇ ಆಫ್ ಇಂಡಿಯಾದಲ್ಲಿ ವಿಧ್ಯುಕ್ತವಾಗಿ ಬರಮಾಡಿಕೊಂಡದ್ದು ಏಪ್ರಿಲ್ 6ರಂದು.

ಆದರೆ ಅವರ ನಿಜವಾದ ಪರೀಕ್ಷೆ ಮುಂದಿತ್ತು. ಗೋಲ್ಡನ್ ಗ್ಲೋಬ್ ಸ್ಪರ್ಧೆಯನ್ನು 2018ರಲ್ಲಿ ಹಳೆಯ ಕ್ರಮದಲ್ಲಿಯೇ ಪುನರಾರಂಭಿಸಲಾಯಿತು: 32ರಿಂದ 36 ಅಡಿಯ ಹಳೆಯ ವಿನ್ಯಾಸದ ದೋಣಿಗಳು, ಕಾಗದದ ನಕ್ಷೆ, ಸೂರ್ಯ ನಕ್ಷತ್ರಗಳನ್ನು ನೋಡಿ ಸ್ಥಾನ ಗುಣಿಸುವ ಸೆಕ್ಸ್‌ಟೆಂಟ್. ಜಿ.ಪಿ.ಎಸ್. ಬಳಸುವಂತಿಲ್ಲ. ಗೋವಾದಲ್ಲಿ ಕಟ್ಟಿದ, ಸುಹೈಲಿಯ ಪ್ರತಿರೂಪವಾದ 'ತುರೀಯ'ದಲ್ಲಿ ಟೋಮಿ ಸ್ಪರ್ಧೆಗಿಳಿದರು. ಸೆಪ್ಟೆಂಬರಿನಲ್ಲಿ ಹಿಂದೂ ಮಹಾಸಾಗರದ ದಕ್ಷಿಣ ಭಾಗದಲ್ಲಿ ಬಿರುಗಾಳಿಗೆ ದೋಣಿ ಮಗುಚಿ, ಹಾಯಿಕಂಬಗಳು ಮುರಿದು, ಅವರ ಬೆನ್ನುಮೂಳೆಗೆ ತೀವ್ರ ಪೆಟ್ಟಾಯಿತು.

ಇಲ್ಲಿ ಅವರು ನಡೆದುಕೊಂಡ ರೀತಿಯನ್ನು ಕ್ರೌಹರ್ಸ್ಟ್ ಅವರ ರೀತಿಯೊಡನೆ ಹೋಲಿಸಬೇಕು. ಟೋಮಿ ತಮ್ಮ ಸ್ಥಿತಿಯನ್ನು ಮರೆಮಾಚಲಿಲ್ಲ. ತುರ್ತು ಸಂಕೇತ ಸಾಧನವನ್ನು ಚಾಲನೆಗೊಳಿಸಿ, ನಡೆಯಲಾಗುತ್ತಿಲ್ಲ, ಸ್ಟ್ರೆಚರ್ ಬೇಕಾಗಬಹುದು ಎಂದು ನೇರವಾಗಿ ತಿಳಿಸಿದರು. ಆ ಒಂದು ಪ್ರಾಮಾಣಿಕ ವರದಿಯ ಮೇಲೆ ಭಾರತ, ಆಸ್ಟ್ರೇಲಿಯಾ, ಫ್ರಾನ್ಸ್ ದೇಶಗಳು ಕಾರ್ಯೋನ್ಮುಖವಾದವು. ಸೆಪ್ಟೆಂಬರ್ 24ರಂದು ಫ್ರಾನ್ಸಿನ 'ಒಸಿರಿಸ್' ಹಡಗಿನವರು ಅವರನ್ನು ರಕ್ಷಿಸಿದರು. ದೋಣಿಯನ್ನು ಬಿಟ್ಟುಬರಬೇಕಾಯಿತು, ಬೆನ್ನಿಗೆ ಶಸ್ತ್ರಚಿಕಿತ್ಸೆಯಾಗಿ ಟೈಟಾನಿಯಂ ಸರಳುಗಳನ್ನು ಅಳವಡಿಸಲಾಯಿತು. ನಷ್ಟವನ್ನು ನಷ್ಟವೆಂದೇ ಬರೆದದ್ದರಿಂದ ಮನುಷ್ಯ ಉಳಿದರು, ಮತ್ತೆ ಪ್ರಯತ್ನಿಸುವ ಅವಕಾಶವೂ ಉಳಿಯಿತು.

2022ರ ಸೆಪ್ಟೆಂಬರ್ 4ರಂದು ಫ್ರಾನ್ಸಿನ ಲೆ ಸಾಬ್ಲ್ ದೊಲೋನ್ ಪಟ್ಟಣದಿಂದ ಹೊರಟ 16 ಮಂದಿಯಲ್ಲಿ ಟೋಮಿ ಮತ್ತೆ ಇದ್ದರು. ಈ ಬಾರಿ 'ಬಯಾನತ್' ಎಂಬ ದೋಣಿಯಲ್ಲಿ. ಗಾಳಿಯ ಬಲದಿಂದ ತಾನಾಗಿಯೇ ದಿಕ್ಕು ಕಾಯುವ ಚುಕ್ಕಾಣಿ ಯಂತ್ರ ಕೆಟ್ಟಾಗ, ಶೌಚಾಲಯದ ಬಾಗಿಲಿನ ಹಲಗೆಯನ್ನೇ ಕತ್ತರಿಸಿ ದುರಸ್ತಿಗೆ ಬಳಸಿದರು. 236 ದಿನಗಳ ಬಳಿಕ, 2023ರ ಏಪ್ರಿಲ್ 29ರಂದು, ಅವರು ಎರಡನೆಯವರಾಗಿ ಗುರಿಗೆರೆಯನ್ನು ದಾಟಿದರು. ಎರಡು ದಿನ ಮೊದಲು ಗೆದ್ದವರು ದಕ್ಷಿಣ ಆಫ್ರಿಕಾದ ಕರ್ಸ್ಟೆನ್ ನಾಯ್‌ಷೇಫರ್. ನಡುದಾರಿಯಲ್ಲಿ ದೋಣಿ ಮುಳುಗಿದ ಸಹಸ್ಪರ್ಧಿ ಟಾಪಿಯೋ ಲೆಹ್ಟಿನೆನ್ ಅವರನ್ನು ರಕ್ಷಿಸಿಯೂ ಅವರು ಗೆದ್ದದ್ದು ವಿಶೇಷ. ಅದಕ್ಕೆ ತಗುಲಿದ ಸಮಯವನ್ನು ನಿರ್ಣಾಯಕರು ಲೆಕ್ಕದಿಂದ ವಜಾ ಮಾಡಿದರು.

ಲೆ ಸಾಬ್ಲ್ ದೊಲೋನ್ ಪಟ್ಟಣವು ನಾಲ್ಕು ವರ್ಷಗಳಿಗೊಮ್ಮೆ ನಡೆಯುವ 'ವಾಂದೇ ಗ್ಲೋಬ್' ಒಂಟಿ ಸ್ಪರ್ಧೆಯ ತವರೂ ಹೌದು. ಬಂದರಿನ ಕಾಲುವೆಯ ಇಕ್ಕೆಲಗಳಲ್ಲಿ ಜನ ಸೇರಿ ನಾವಿಕರನ್ನು ಬರಮಾಡಿಕೊಳ್ಳುವುದು ಅಲ್ಲಿನ ಪದ್ಧತಿ. ಮೊದಲಿಗರಿಗೆ ಮಾತ್ರವಲ್ಲ, ವಾರಗಳ ನಂತರ ಕೊನೆಯವರಾಗಿ ಬರುವವರಿಗೂ ಆ ಸ್ವಾಗತ ಸಲ್ಲುತ್ತದೆ.

ಉದ್ಯಮಿಗಳು ಗಮನಿಸಬೇಕಾದದ್ದು

ವ್ಯಾಪಾರ ಕುಂಠಿತವಾದಾಗ ಸಿ.ಸಿ. ಖಾತೆಯ ಮಿತಿ ಉಳಿಸಿಕೊಳ್ಳಲು ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ಇಲ್ಲದ ದಾಸ್ತಾನು ತೋರಿಸುವುದು, ಬಾರದ ಬಾಕಿಯನ್ನು ಬರತಕ್ಕದ್ದೆಂದೇ ಮುಂದುವರಿಸುವುದು ರೇಡಿಯೋದಲ್ಲಿ ಕಳುಹಿಸಿದ ಸುಳ್ಳು ಸ್ಥಾನದಂತೆಯೇ. ಮೊದಲ ತಿಂಗಳು ಅದು ಅನುಕೂಲವೆನಿಸುತ್ತದೆ. ಆನಂತರ ಪ್ರತಿ ತಿಂಗಳೂ ಹಿಂದಿನ ಸುಳ್ಳಿಗೆ ಹೊಂದುವ ಹೊಸ ಸುಳ್ಳು ಬೇಕಾಗುತ್ತದೆ.

ಸಂಕಟದಲ್ಲಿರುವ ಸಣ್ಣ ಉದ್ಯಮಕ್ಕೂ ತುರ್ತು ಸಂಕೇತದ ವ್ಯವಸ್ಥೆಯಿದೆಯೆಂಬುದು ಅನೇಕರಿಗೆ ತಿಳಿಯದು. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಪುನಶ್ಚೇತನಕ್ಕಾಗಿ ಕೇಂದ್ರ ಸರ್ಕಾರವು 2015ರ ಮೇ 29ರಂದು ಚೌಕಟ್ಟೊಂದನ್ನು ಅಧಿಸೂಚಿಸಿತು. ರಿಸರ್ವ್ ಬ್ಯಾಂಕ್ 2016ರ ಮಾರ್ಚ್ 17ರಂದು ಬ್ಯಾಂಕುಗಳಿಗೆ ನಿರ್ದೇಶನ ನೀಡಿತು. 25 ಕೋಟಿ ರೂಪಾಯಿಗಳವರೆಗಿನ ಸಾಲಮಿತಿಯ ಉದ್ಯಮಗಳಿಗೆ ಇದು ಅನ್ವಯ. ಬಾಕಿಯು 90 ದಿನಗಳನ್ನು ಮೀರಿ ಖಾತೆಯು ಅನುತ್ಪಾದಕವಾಗುವ ಮುನ್ನವೇ ಸಂಕಟವನ್ನು ಗುರುತಿಸುವುದು ಇದರ ಉದ್ದೇಶ. ಉದ್ಯಮ ಸೋಲುವ ಸೂಚನೆ ಕಂಡಾಗ ಮಾಲೀಕರು ತಾವೇ ಅರ್ಜಿ ಸಲ್ಲಿಸಬಹುದು. 10 ಲಕ್ಷ ರೂಪಾಯಿಗಳವರೆಗಿನ ಖಾತೆಗಳನ್ನು ಶಾಖಾ ಮಟ್ಟದಲ್ಲಿಯೂ ಅದಕ್ಕೂ ಮೇಲಿನವನ್ನು ಸಮಿತಿಯ ಮೂಲಕವೂ ಪರಿಶೀಲಿಸಿ, ಲೋಪ ಸರಿಪಡಿಸುವಿಕೆ, ಸಾಲದ ಪುನರ್ರಚನೆ ಅಥವಾ ವಸೂಲಿ ಎಂಬ ಮೂರರಲ್ಲಿ ಸೂಕ್ತವಾದುದನ್ನು ಆಯ್ದುಕೊಳ್ಳಲಾಗುತ್ತದೆ. ಈ ಚೌಕಟ್ಟು ಬ್ಯಾಂಕುಗಳನ್ನು ಬಂಧಿಸುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯವು 2024ರ ಆಗಸ್ಟ್ 1ರ ತೀರ್ಪಿನಲ್ಲಿ ಹೇಳಿದೆ. ಅದರೊಡನೆ, ಉದ್ಯಮಿಯೂ ಜಾಗರೂಕನಾಗಿದ್ದು ಸಕಾಲದಲ್ಲಿ ದಾಖಲೆಗಳೊಡನೆ ಬ್ಯಾಂಕಿನ ಗಮನಕ್ಕೆ ತರಬೇಕೆಂದೂ, ಆಸ್ತಿ ಜಪ್ತಿಯ ಕ್ರಮಗಳೆಲ್ಲ ಮುಗಿದ ಮೇಲೆ ಹಕ್ಕು ಕೇಳಿದರೆ ಪ್ರಯೋಜನವಿಲ್ಲವೆಂದೂ ಸ್ಪಷ್ಟಪಡಿಸಿದೆ. ದಾಖಲೆ ಎಂದರೆ ನಿಜವಾದ ಲೆಕ್ಕಪುಸ್ತಕ. ಪುಸ್ತಕದಲ್ಲಿ ಮೊದಲೇ ಸುಳ್ಳು ಬರೆದಿದ್ದರೆ ಈ ಬಾಗಿಲನ್ನು ತಟ್ಟುವ ಧೈರ್ಯವೇ ಬಾರದು.

ಉಳಿದ ಹೊಣೆ ಪೇಟೆಯದು. ಅಂಗಡಿ ಮುಚ್ಚಬೇಕಾಗಿ ಬಂದವನನ್ನು ಕಂಡು ಮುಖ ತಿರುಗಿಸುವ ಪೇಟೆಯಲ್ಲಿ, ನಷ್ಟವಾಗಿದೆಯೆಂದು ಸಕಾಲದಲ್ಲಿ ಹೇಳಿಕೊಳ್ಳಲು ಯಾರೂ ಮುಂದೆ ಬರುವುದಿಲ್ಲ. ಟೈನ್ಮತ್ ಪಟ್ಟಣ ಗೆದ್ದು ಬರುವವರಿಗಾಗಿ ಕಾದಿತ್ತು. ಸೋತು ಹಿಂದಿರುಗಿದ್ದರೂ ಅಲ್ಲಿ ಒಂದಿಷ್ಟು ಜಾಗವಿದೆಯೆಂದು ಕ್ರೌಹರ್ಸ್ಟ್ ಅವರಿಗೆ ಅನ್ನಿಸಲಿಲ್ಲ. ಭರಮಸಾಗರದಂತಹ ಊರಿನಲ್ಲಿ ಒಬ್ಬರಿಗೊಬ್ಬರು ಪರಿಚಿತರು. ಸರಕಿನ ಉದ್ರಿಯೂ ಮಾತಿನ ನಂಬಿಕೆಯ ಮೇಲೆಯೇ ನಡೆಯುತ್ತದೆ. ಬಾಕಿಯನ್ನು ಒಪ್ಪಿಕೊಂಡು, ಇದ್ದದ್ದನ್ನು ಇದ್ದಂತೆ ಹೇಳಿ, ತೀರಿಸಲು ಕಾಲಾವಕಾಶ ಕೇಳುವ ವರ್ತಕನಿಗೆ ಒಂದು ಕುರ್ಚಿ ಸರಿಸಿ, ಚಹಾ ತರಿಸಿ, ಅವನ ಲೆಕ್ಕವನ್ನು ಸಾವಧಾನವಾಗಿ ನೋಡುವುದು ಇಲ್ಲಿನ ವರ್ತಕರ ಸಂಘಟನೆಗಳಿಗೆ ಅಸಾಧ್ಯವಾದ ಕೆಲಸವೇನಲ್ಲ.